ಎರಡು ಸೆಕೆಂಡಿನ ಮೌನ

ಆಫೀಸಿನಲ್ಲಿ ಅವನಿಗೆ ಬಫರಿಂಗ್ ಎಂದು ಹೆಸರು. ಇಟ್ಟವನು ಪಕ್ಕದ ಕುರ್ಚಿಯ ಬುಲೆಟ್. ಬುಲೆಟ್ ಎನ್ನುವುದೂ ಹೆತ್ತವರಿಟ್ಟ ಹೆಸರಲ್ಲ. ಒಂದು ಇಡೀ ಮೀಟಿಂಗನ್ನು ಒಂದೇ ಉಸಿರಿನಲ್ಲಿ ಮುಗಿಸಬಲ್ಲವನಾದ್ದರಿಂದ ಹಾಗೆ ಬಂದದ್ದು. ಇವನು ಕೆಲಸಕ್ಕೆ ಸೇರಿದ ದಿನ ಎಲ್ಲರೂ ಮೇಜಿನ ಸುತ್ತ ಕೂತು ಪರಿಚಯ ಹೇಳಿಕೊಳ್ಳುತ್ತಿದ್ದರು. ಇವನ ಸರದಿ ಬಂದಾಗ ಬಾಯಿ ತೆರೆದ. ಹೆಸರಿನ ಮೊದಲ ಅಕ್ಷರ ಗಂಟಲಲ್ಲೇ ಕಚ್ಚಿಕೊಂಡಿತು. ಕಣ್ಣುಗಳು ಮುಚ್ಚಿಕೊಂಡವು, ಕತ್ತಿನ ನರ ಉಬ್ಬಿತು, ಅಕ್ಷರ ಮಾತ್ರ ಹೊರಗೆ ಬರಲಿಲ್ಲ.

"ಬಫರಿಂಗ್ ಆಗ್ತಿದೆ, ನೆಟ್‌ವರ್ಕ್ ವೀಕು" ಎಂದ ಬುಲೆಟ್.

ಎಲ್ಲರೂ ನಕ್ಕರು. ಇವನೂ ನಕ್ಕ. ನಗುವಾಗ ಉಗ್ಗು ಬರುವುದಿಲ್ಲ.

ಅವನು ಸಾಫ್ಟ್‌ವೇರ್ ಹಿಡಿದದ್ದೇ ಮಾತಿನಿಂದ ತಪ್ಪಿಸಿಕೊಳ್ಳಲು. ಕೀಬೋರ್ಡಿನ ಮುಂದೆ ಅವನು ಮಹಾ ವಾಚಾಳಿ. ಚಾಟ್‌ನಲ್ಲಿ ಅವನ ತಮಾಷೆ ಓದಿ ನಗುತ್ತಿದ್ದವರು ಎದುರಿಗೆ ಸಿಕ್ಕಾಗ, ಇವನೇನಾ ಅವನು ಎಂದು ಅನುಮಾನಪಡುತ್ತಿದ್ದರು. ಬಸ್ಸಿನಲ್ಲಿ ಕೂತು ಯಂತ್ರಗಳ ಗುಣಸ್ವಭಾವದ ಬಗ್ಗೆ ಯೋಚಿಸುವುದು ಅವನ ಹವ್ಯಾಸ. ಮನುಷ್ಯ ಕಂಡುಹಿಡಿದದ್ದರಲ್ಲಿ ಅತ್ಯಂತ ಸಭ್ಯವಾದದ್ದು ಯಾವುದು? ಅವನ ಪ್ರಕಾರ, ಎದುರಿನವರು ಏನೋ ಬರೆಯುತ್ತಿದ್ದಾರೆ ಎಂದು ಫೋನಿನಲ್ಲಿ ಕುಣಿಯುವ ಆ ಮೂರು ಚುಕ್ಕಿ. ತಾಳು, ಅವನಿನ್ನೂ ಮುಗಿಸಿಲ್ಲ ಎಂದು ಅವು ಬರೆಯುವವನ ಪರವಾಗಿ ಹೇಳುತ್ತವೆ. ಎರಡನೆಯದು ಲಿಫ್ಟಿನ ಬಾಗಿಲು. ಮುಚ್ಚುವಾಗ ಯಾರಾದರೂ ಕಾಲಿಟ್ಟರೆ ಬೇಸರವಿಲ್ಲದೆ ಮತ್ತೆ ತೆರೆದುಕೊಳ್ಳುತ್ತದೆ. ಮಾತಿನ ಬಾಗಿಲಿಗೆ ಅಡ್ಡ ಇಡಲು ಅವನ ಹತ್ತಿರ ಕಾಲಿರಲಿಲ್ಲ, ಅಷ್ಟೆ.

ಮನೆಯಲ್ಲಿದ್ದದ್ದು ಅವನು ಮತ್ತು ಅಮ್ಮ. ಮೂರನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮನೆಪಾಠ ಹೇಳಿಯೇ ಅವನನ್ನು ಓದಿಸಿದ್ದಳು. ಸಂಜೆಯಾದರೆ ಕಟ್ಟಡದ ಮಕ್ಕಳೆಲ್ಲ ಮುಂದಿನ ಕೋಣೆಯ ಚಾಪೆಯ ಮೇಲೆ ಕೂತು ಮಗ್ಗಿ ಹೇಳುತ್ತಿದ್ದರು. ಅಮ್ಮನ ದನಿ ಅಷ್ಟೂ ಮಕ್ಕಳ ದನಿಯ ಮೇಲೆ ತೇಲುತ್ತಿತ್ತು. ಕೆಳಗೆ ಗೇಟು ತೆರೆಯುವಾಗಲೇ ಅವನಿಗೆ ಅದು ಕೇಳಿಸುತ್ತಿತ್ತು.

ಮನೆಯ ಫೋನ್ ಮಾತೆಲ್ಲ ಅಮ್ಮನದೇ. ಗ್ಯಾಸಿನವನು, ಬ್ಯಾಂಕಿನವರು, ಮನೆ ಮಾಲೀಕರು, ಮಗನ ಹಲ್ಲಿನ ಡಾಕ್ಟರು, ಯಾರೇ ಆಗಲಿ ಅವಳೇ ವಿಚಾರಿಸಿಕೊಳ್ಳುತ್ತಿದ್ದಳು. ಮಗನ ಮಾತನ್ನೂ ಅವಳೇ ಮುಗಿಸುತ್ತಿದ್ದಳು.

"ಅಮ್ಮಾ, ನ-ನನಗೆ ಟೀ..."

"ಸಕ್ಕರೆ ಕಮ್ಮಿ ತಾನೆ? ಗೊತ್ತು ಕಣೋ ಮರಿ."

ಟೀ ಬೇಡ ಎಂದು ಹೇಳಹೊರಟಿರುತ್ತಿದ್ದ. ಸಕ್ಕರೆ ಕಮ್ಮಿ ಟೀ ಕುಡಿಯುತ್ತಿದ್ದ.

ಆ ವರ್ಷ ಅವನ ಕಂಪನಿಗೆ ಒಂದು ದೊಡ್ಡ ಆಸ್ಪತ್ರೆಯ ಕೆಲಸ ಸಿಕ್ಕಿತು. ರೋಗಿಗಳು ಫೋನ್ ಮಾಡಿದರೆ ಮನುಷ್ಯರ ಬದಲು ಯಂತ್ರವೇ ಮಾತಾಡಿ, ಹೆಸರು ಕೇಳಿ, ಡಾಕ್ಟರ ಸಮಯ ಗೊತ್ತುಮಾಡಿ ಕೊಡಬೇಕು. ಫೋನ್ ಮಾಡಿದವರ ಮಾತು ಮುಗಿಯಿತೋ ಇಲ್ಲವೋ ಎಂದು ಯಂತ್ರ ತೀರ್ಮಾನಿಸುವ ಭಾಗ ಇವನ ಪಾಲಿಗೆ ಬಂತು. ಎಷ್ಟು ಹೊತ್ತು ಸುಮ್ಮನಿದ್ದರೆ ಮಾತು ಮುಗಿದಂತೆ? ಎರಡು ಸೆಕೆಂಡು ಎಂದು ಮೊದಲೇ ನಿಗದಿಯಾಗಿತ್ತು.

ಊಟದ ಹೊತ್ತಿನಲ್ಲಿ ಖಾಲಿ ಮೀಟಿಂಗ್ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಅವನು ಆ ಯಂತ್ರದ ನಂಬರಿಗೆ ಫೋನ್ ಮಾಡಿ ನೋಡಿದ. ಹೆಣ್ಣುದನಿ ನಯವಾಗಿ ಕೇಳಿತು: "ದಯವಿಟ್ಟು ನಿಮ್ಮ ಹೆಸರು ಹೇಳಿ."

ಹೆಸರು. ಬೇರೆ ಏನನ್ನಾದರೂ ಕೇಳಿದ್ದರೆ ಹೇಗೋ ಸುತ್ತಿಬಳಸಿ ಹೇಳಬಹುದಿತ್ತು; ಹೆಸರಿಗೆ ಬದಲಿ ಪದ ಎಲ್ಲಿದೆ? ಅವನು ಅಕ್ಷರವನ್ನು ತಳ್ಳುತ್ತಿರುವಾಗಲೇ ಆ ದನಿ, "ಕ್ಷಮಿಸಿ, ನಿಮ್ಮ ಮಾತು ಕೇಳಿಸಲಿಲ್ಲ" ಎಂದಿತು. ಮತ್ತೊಮ್ಮೆಯೂ ಅದನ್ನೇ ಹೇಳಿತು. ಮೂರನೇ ಸಲ ಧನ್ಯವಾದ ಹೇಳಿ ಫೋನ್ ಇಟ್ಟಿತು. ತಾನು ಬರೆದ ಯಂತ್ರ ತನ್ನನ್ನೇ ಹೊರಗಟ್ಟಿತಲ್ಲ ಎಂದು ಅವನಿಗೆ ನಗು ಬಂತು. ಆಮೇಲೆ ತಂದಿದ್ದ ಡಬ್ಬಿಯನ್ನು ತೆರೆಯುವ ಮನಸ್ಸಾಗಲಿಲ್ಲ.

ಅವನ ತಂಡದ ಮೇಡಂ ಒಳ್ಳೆಯವರು. ಅವನು ಮಾತಾಡುವಾಗ ಫೋನ್ ನೋಡುತ್ತಿರಲಿಲ್ಲ, ಪದ ಎತ್ತಿಕೊಡುತ್ತಿರಲಿಲ್ಲ, ಕಾಯುತ್ತಿದ್ದರು. ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಸರಿ, ಐದು ಸೆಕೆಂಡ್ ಇಟ್ಟು ನೋಡೋಣ. ಆಸ್ಪತ್ರೆಯವರ ಹತ್ರ ನಾನು ಮಾತಾಡ್ತೀನಿ" ಎಂದರು.

ನೋಡಿದರು. ಯಂತ್ರ ಕಾದಷ್ಟೂ ಜನರಿಗೆ ತಲೆ ಕೆಟ್ಟಿತು. ಹೆಸರು ಹೇಳಿ ಆಗಿದೆ, ಆ ಕಡೆಯಿಂದ ಸದ್ದಿಲ್ಲ. "ಹಲೋ? ಹಲೋ? ಯಾರ್ರೀ ಇದು, ಇದೀರಾ ಇಲ್ವಾ?" ಎಂದು ಕೂಗಾಡಿದರು, ಬೈದರು, ಇಟ್ಟುಬಿಟ್ಟರು. ಆಸ್ಪತ್ರೆಯಿಂದ ದೂರು ಬಂತು. ಮೇಡಂ ಅವನನ್ನು ಕಾಫಿ ಯಂತ್ರದ ಹತ್ತಿರ ಕರೆದರು.

"ಅವರಿಗೆ ಹಳೇದೇ ಬೇಕಂತೆ. ಎಲ್ಲರಿಗೂ ತೊಂದರೆ ಕೊಟ್ಟು ಯಾರೋ ಒಬ್ಬರಿಗೋಸ್ಕರ..." ಎಂದವರು ಅಲ್ಲಿಗೇ ನಿಲ್ಲಿಸಿದರು. "ಕ್ಷಮಿಸಿ. ಅಂಥವರು ನೇರವಾಗಿ ಕೌಂಟರಿಗೆ ಹೋಗ್ಬಹುದು, ಅಲ್ವಾ?"

"ಹ-ಹೋಗ್ಬಹುದು ಮೇಡಂ."

ಐದನ್ನು ಅಳಿಸಿ ಎರಡು ಮಾಡಿದವನು ಅವನೇ.

ಅದಾದ ಕೆಲವು ತಿಂಗಳಿಗೆ ಅಮ್ಮನ ಕತ್ತಿನಲ್ಲಿ ಒಂದು ಗಂಟು ಕಾಣಿಸಿತು. ಕೆಟ್ಟ ಗಂಟಲ್ಲ, ಆದರೂ ತೆಗೆಸುವುದು ವಾಸಿ ಎಂದರು ಡಾಕ್ಟರು. ಎದುರುಮನೆ ಆಂಟಿ ಆಟೋ ಹಿಡಿದು, ಮುಂದೆ ನಿಂತು ಅಮ್ಮನನ್ನು ಆ ಯಂತ್ರವಿದ್ದ ಆಸ್ಪತ್ರೆಗೇ ಸೇರಿಸಿದಳು. ನಡುವೆ ಒಮ್ಮೆ ಹೃದಯದ ಬಡಿತ ಏರುಪೇರಾದದ್ದು ಬಿಟ್ಟರೆ ಆಪರೇಷನ್ ಚೆನ್ನಾಗಿಯೇ ಆಯಿತು. ಎಚ್ಚರವಾದ ಮೇಲೆ ಅಮ್ಮ ನೀರು ಕೇಳಿದಳು. ತುಟಿ ಅಲುಗಿತು, ಬಂದದ್ದು ಬರಿ ಗಾಳಿ.

"ದನಿಯ ನರಕ್ಕೆ ಪೆಟ್ಟಾಗಿರಬಹುದು" ಎಂದರು ಡಾಕ್ಟರು. "ಒಮ್ಮೊಮ್ಮೆ ತಾನಾಗೇ ಸರಿಹೋಗುತ್ತೆ. ಕಾದು ನೋಡೋಣ. ಫೋನ್ ಮಾಡಿ ಟೈಮ್ ತಗೊಂಡು ಬನ್ನಿ."

ಮೊದಲು ಮಕ್ಕಳಿಗೆ ಅದೊಂದು ಆಟವಾಯಿತು. ಟೀಚರ್ ಪಿಸುಗುಟ್ಟುತ್ತಾರೆಂದು ಅವರೂ ಮಗ್ಗಿಯನ್ನು ಪಿಸುಗುಟ್ಟಿದರು. ನಾಲ್ಕು ದಿನ ಹಾಗೆ ನಡೆಯಿತು. ಆಮೇಲೆ ಹಿಂದಿನ ಸಾಲಿನವರಿಗೆ ಕೇಳಿಸುತ್ತಿಲ್ಲವೆಂದು ಗಲಾಟೆ ಶುರುವಾಯಿತು. ಅಮ್ಮ ಕೈ ತಟ್ಟಿದಳು, ಮೇಜು ಕುಟ್ಟಿದಳು. ತಾಯಂದಿರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು, "ನೀವು ಸ್ವಲ್ಪ ರೆಸ್ಟ್ ತಗೊಳ್ಳಿ ಟೀಚರ್, ಹುಷಾರಾದ ಮೇಲೆ ಕಳಿಸ್ತೀವಿ" ಎಂದು ಹೇಳಿ ಹೋದರು. ಅಮ್ಮ ಎಲ್ಲರಿಗೂ ತಲೆಯಾಡಿಸಿದಳು. ಚಾಪೆಯನ್ನು ಸುತ್ತಿ ಬೀರುವಿನ ಹಿಂದೆ ನಿಲ್ಲಿಸಿದಳು.

ಹೀಗೇ ಕೆಲವು ತಿಂಗಳು ಕಳೆದು, ಡಾಕ್ಟರನ್ನು ಮತ್ತೆ ನೋಡುವ ದಿನ ಹತ್ತಿರ ಬಂತು. ಎದುರುಮನೆಗೆ ಬೀಗ, ಆಂಟಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಅಮ್ಮ, ಮಗ ಮಂಚದ ಮೇಲೆ ಅಕ್ಕಪಕ್ಕ ಕೂತು, ಫೋನನ್ನು ನಡುವೆ ಇಟ್ಟು ಸ್ಪೀಕರ್ ಹಾಕಿದರು.

"ದಯವಿಟ್ಟು ನಿಮ್ಮ ಹೆಸರು ಹೇಳಿ."

ಅಮ್ಮ ಫೋನಿಗೆ ಬಾಯಿ ತಾಗಿಸಿ ಹೇಳಿದಳು. ಪಿಸುಮಾತನ್ನು ಯಂತ್ರ ಗಾಳಿಯ ಸದ್ದೆಂದು ಎಣಿಸುತ್ತದೆಂದು ಅವನಿಗೆ ಗೊತ್ತಿತ್ತು.

"ಕ್ಷಮಿಸಿ, ನಿಮ್ಮ ಮಾತು ಕೇಳಿಸಲಿಲ್ಲ."

ಅವನು ಫೋನ್ ಎತ್ತಿಕೊಂಡ. ಹೇಳಬೇಕಾದ್ದು ತನ್ನ ಹೆಸರಲ್ಲ, ಅಮ್ಮನದು, ಸುಲಭವಾಗಬಹುದೆಂದುಕೊಂಡ. ಆಗಲಿಲ್ಲ. ಅಮ್ಮ ಅವನ ಬೆನ್ನ ಮೇಲೆ ಕೈಯಿಟ್ಟು, ಸಣ್ಣವನಿದ್ದಾಗ ಕೆಮ್ಮು ಬಂದರೆ ಸವರುತ್ತಿದ್ದ ಹಾಗೆ ಸವರಿದಳು. ಫೋನ್ ಧನ್ಯವಾದ ಹೇಳಿತು.

"ಇನ್ನೊಂದ್ಸಲ" ಎಂದು ಅಮ್ಮನ ತುಟಿ ಅಂದಿತು.

ಮತ್ತೆ ಮಾಡಿದರು. ಎಷ್ಟು ಸಲ ಮಾಡಿದರೂ ಅಷ್ಟೇ. ಕೊನೆಗೆ ಅವನು ಫೋನನ್ನು ಬೋರಲು ಹಾಕಿದ.

"ಅಮ್ಮಾ, ಇ-ಇದನ್ನ ಮಾಡಿದ್ದು ನ-ನಾವೇ. ನಾನೇ."

ಅಮ್ಮ ಅವನ ಮುಖ ನೋಡಿದಳು. ಅರ್ಥವಾಯಿತೋ ಇಲ್ಲವೋ. "ಚೆನ್ನಾಗಿದೆ" ಎಂದಳು, ಗಾಳಿಯಲ್ಲಿ. ಮಗನ ಕೆಲಸವನ್ನು ಅವಳು ಯಾವತ್ತೂ ಚೆನ್ನಾಗಿಲ್ಲ ಎಂದವಳಲ್ಲ.

ಮರುದಿನ ರಜೆ ಹಾಕಿ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಕೌಂಟರ್ ಇದ್ದ ಕಡೆ ಗಾಜಿನ ಹಿಂದೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಪಕ್ಕದ ಗೋಡೆಗೆ ಒಂದು ಫೋನ್ ಸಿಕ್ಕಿಸಿದ್ದರು.

"ಈಗ ಎಲ್ಲಾ ಫೋನಲ್ಲೇ ಸಾರ್" ಎಂದ ಬಾಗಿಲಲ್ಲಿದ್ದ ಸೆಕ್ಯುರಿಟಿ. "ಮಾತಾಡಿ, ಅದೇ ಕೇಳುತ್ತೆ."

ಇವನು ಬಾಯಿ ತೆರೆದು ನಿಂತದ್ದನ್ನೂ ಅಮ್ಮ ಕತ್ತು ಮುಟ್ಟಿ ತೋರಿಸಿದ್ದನ್ನೂ ನೋಡಿ ಅವನಿಗೆ ಪರಿಸ್ಥಿತಿ ತಿಳಿಯಿತು. ಅಮ್ಮನ ಕೈಯಿಂದ ಡಾಕ್ಟರ ಚೀಟಿ ಇಸಿದುಕೊಂಡು, ರಿಸೀವರ್ ಎತ್ತಿ, ಇಡೀ ಹಜಾರಕ್ಕೆ ಕೇಳುವಂತೆ ಅವಳ ಹೆಸರು, ವಯಸ್ಸು, ಕಾಯಿಲೆ ಎಲ್ಲವನ್ನೂ ಒದರಿದ. ಬೆಂಚುಗಳ ಮೇಲಿದ್ದವರು ತಿರುಗಿ ನೋಡಿದರು. ಯಂತ್ರ ಒಂದೇ ಸಲಕ್ಕೆ ಒಪ್ಪಿಕೊಂಡಿತು.

"ನೋಡಿ, ಎಷ್ಟು ಸುಲಭ!" ಎಂದ ಸೆಕ್ಯುರಿಟಿ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಅಮ್ಮ ಅವನಿಗೆ ಕೈ ಮುಗಿದಳು.

ಡಾಕ್ಟರು ಗಂಟಲೊಳಗೆ ಕೊಳವೆ ಇಳಿಸಿ ನೋಡಿದರು. ಒಂದು ಕಡೆಯ ದನಿಯ ತಂತು ಅಲ್ಲಾಡುತ್ತಲೇ ಇರಲಿಲ್ಲ. "ಇಷ್ಟು ದಿನ ಬರದಿದ್ದದ್ದು ಇನ್ನು ಬರೋದು ಕಷ್ಟ" ಎಂದರು. "ಇನ್ನೊಂದು ಆಪರೇಷನ್ ಇದೆ, ಆದ್ರೆ ಇವರ ಹೃದಯ ಮತ್ತೆ ಅದನ್ನೆಲ್ಲ ತಡೆಯಲ್ಲ. ನಾನಂತೂ ಮಾಡಿ ಅನ್ನಲ್ಲ. ಹೀಗೇ ಹೊಂದ್ಕೊಂಡು ಹೋಗ್ಬೇಕು."

ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತಳು. ಅವಳ ಹಿಂದಿನ ಸೀಟಿನಲ್ಲಿ ಯಾರೋ ಹೆಂಗಸು ಫೋನಿನಲ್ಲಿ ಹರಟುತ್ತಿದ್ದಳು: ನಾದಿನಿಯ ಸೊಕ್ಕು, ಟೊಮೆಟೊ ಬೆಲೆ, ಹೊಸ ಪರದೆ. ಅಮ್ಮ ಇಳಿಯುವ ತನಕ ಅದನ್ನು ಕಿವಿಗೊಟ್ಟು ಕೇಳಿದಳು.

ಆ ವಾರ ಅವನು ಮೇಡಂಗೆ ಎಲ್ಲವನ್ನೂ ಬರೆದ. ಅಷ್ಟು ಚೆನ್ನಾಗಿ ಅವನು ಏನನ್ನೂ ಬರೆದಿರಲಿಲ್ಲ. ಅವರು ಓದಿ ಅವನ ಕುರ್ಚಿಯ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು; ಕಣ್ಣು ಒದ್ದೆಯಾಗಿತ್ತು. ಆಸ್ಪತ್ರೆಯವರ ಹತ್ತಿರ ಮತ್ತೊಮ್ಮೆ ಮಾತಾಡಿದರು ಕೂಡ. ಕೌಂಟರ್ ಮುಚ್ಚಿಯಾಗಿದೆ, ಅಲ್ಲಿದ್ದವರನ್ನೂ ಕಳಿಸಿಯಾಗಿದೆ, ಇನ್ನು ಅದನ್ನೆಲ್ಲ ತೆರೆಯುವ ಮಾತೇ ಇಲ್ಲ ಎಂದರಂತೆ.

ಬುಲೆಟ್‌ಗೂ ವಿಷಯ ತಿಳಿಯಿತು. ಅವನು ಹುಡುಕಿಕೊಂಡು ಬಂದ. "ಮಗಾ, ಅಮ್ಮನ ಹಳೇ ರೆಕಾರ್ಡಿಂಗ್ ಏನಾದ್ರೂ ಇದ್ರೆ ಕೊಡು. ಅವರದೇ ದನಿ ಮಾಡ್ಕೊಡ್ತೀನಿ. ಅವರು ಟೈಪ್ ಮಾಡ್ಲಿ, ಫೋನ್ ಮಾತಾಡುತ್ತೆ."

ಇವನು ಮನೆಯಲ್ಲಿ ಹುಡುಕಿದ. ಒಂದೂ ಇರಲಿಲ್ಲ. ಎದುರಿಗೆ ಯಾರೂ ಇಲ್ಲದೆ ಮಾತಾಡುವುದು ಹುಚ್ಚರ ಲಕ್ಷಣ ಎಂದು ಅಮ್ಮ ಧ್ವನಿ ಸಂದೇಶ ಕಳಿಸಿದವಳೇ ಅಲ್ಲ. ಫೋಟೋಗಳಿದ್ದವು ಬೇಕಾದಷ್ಟು, ಎಲ್ಲದರಲ್ಲೂ ಅವಳ ಬಾಯಿ ತೆರೆದೇ ಇತ್ತು.

ಕೊನೆಗೆ ಬುಲೆಟ್ ಅಮ್ಮನ ಫೋನಿಗೆ ಯಾವುದೋ ಸಿದ್ಧದನಿ ಹಾಕಿಕೊಟ್ಟ. ಅಮ್ಮ ಅದನ್ನು ತರಕಾರಿ ಅಂಗಡಿಗೆ ಒಯ್ದಳು. ಅವನೂ ಜೊತೆಗಿದ್ದ. ಕನ್ನಡಕ ಮೂಗಿಗಿಳಿಸಿ, ಒಂದೊಂದೇ ಅಕ್ಷರ ಒತ್ತಿ, ಬೀನ್ಸ್ ಹೇಗೆ ಎಂದು ಬರೆಯುವಷ್ಟರಲ್ಲಿ ತರಕಾರಿಯವನು ಅವಳ ಹಿಂದಿನವರಿಗೆ, ಅವರ ಹಿಂದಿನವರಿಗೆ ತೂಗಿಕೊಟ್ಟಾಗಿತ್ತು. ಕಡೆಗೂ ಫೋನ್ ವಾರ್ತೆ ಓದುವ ಹುಡುಗಿಯ ಗತ್ತಿನಲ್ಲಿ ಕೇಳಿತು. ತರಕಾರಿಯವನು ನಕ್ಕ. "ಇದೇನಮ್ಮಾ, ಸೆಕ್ರೆಟರಿ ಇಟ್ಕೊಂಡಿದೀರಾ?" ಹಿಂದೆ ಅವನ ಜೊತೆ ಜಗಳವಾಡಿ, ಹಿಡಿ ಸೊಪ್ಪು ಪುಕ್ಕಟೆ ಕಿತ್ತುಕೊಂಡು ಬರುತ್ತಿದ್ದವಳು ಅವಳು. ಈಗ ಫೋನನ್ನು ಚೀಲಕ್ಕೆ ಹಾಕಿ, ಬೆರಳು ತೋರಿಸಿ, ಅವನು ಹಾಕಿದ್ದನ್ನು ತೆಗೆದುಕೊಂಡು ಬಂದಳು. ಆ ದನಿಯನ್ನು ಮತ್ತೆ ಮುಟ್ಟಲಿಲ್ಲ.

ಬೇರೆ ಎರಡು ಆಸ್ಪತ್ರೆಗಳೂ ಅವರ ಯಂತ್ರವನ್ನೇ ಕೊಂಡವೆಂದು ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಹೊಸಬರಿಗೆ ಇನ್ನೂ ಚುರುಕಾಗಿ ಬೇಕಿತ್ತಂತೆ, ಎರಡು ಸೆಕೆಂಡೂ ಜಾಸ್ತಿಯಂತೆ. ಆ ಕೆಲಸ ಸಹಜವಾಗಿ ಅವನ ಮೇಜಿಗೇ ಬಂತು.

"ಬೇರೆಯವರಿಗೆ ಕೊಡ್ಲಾ?" ಎಂದು ಮೇಡಂ ಮೆಲ್ಲಗೆ ಕೇಳಿದರು.

ಬೇರೆಯವರು ಮಾಡಿದರೂ ಆಗುವುದು ಅದೇ ಎಂದು ಹೇಳಬೇಕೆನಿಸಿತು. ಉದ್ದದ ವಾಕ್ಯ. ತಲೆಯಾಡಿಸಿ ಬೇಡವೆಂದ. ಅಂಕಿ ಬದಲಾಯಿಸಿದ, ಪರೀಕ್ಷೆ ಮಾಡಿದ, ಎಲ್ಲ ಸರಿಯಿದೆ ಎಂದು ಬರೆದ. ಎಲ್ಲ ಸರಿಯಾಗಿಯೇ ಇತ್ತು.

ಬಸ್ಸಿನಲ್ಲಿ ಕೂತು ಯಂತ್ರಗಳ ಬಗ್ಗೆ ಯೋಚಿಸುವುದು ಆ ದಿನಗಳಲ್ಲಿ ತಾನಾಗಿ ನಿಂತುಹೋಯಿತು. ಕೂತ ತಕ್ಷಣ ನಿದ್ದೆ ಬರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಅಮ್ಮ ಹಾಲು ತರುವ ಖಾಲಿ ಚೀಲ ಹಿಡಿದು ಬಾಗಿಲ ಹಿಂದೆ ಸುಮ್ಮನೆ ನಿಂತಿದ್ದಳು. ಹೊರಗೆ ಮೆಟ್ಟಿಲ ಮೇಲೆ ಯಾರೋ ಇಬ್ಬರು ಹೆಂಗಸರು ಮಾತಿಗೆ ನಿಂತಿದ್ದರು. ಅದರಲ್ಲೊಂದು ಊರಿಂದ ಮರಳಿದ್ದ ಎದುರುಮನೆ ಆಂಟಿಯ ದನಿ.

"ಆ-ಆಂಟಿ ಬಂದಿದಾರೆ. ಹೋಗಮ್ಮ, ಮಾತಾಡ್ಸು" ಎಂದ.

ಅಮ್ಮ ತುಟಿಯ ಮೇಲೆ ಬೆರಳಿಟ್ಟಳು. ಹೊರಗಿನವರು ನಕ್ಕರು, ಏನೋ ಹೇಳಿಕೊಂಡರು, ಮತ್ತೆ ನಕ್ಕರು. ಒಬ್ಬಳ ಚಪ್ಪಲಿ ಸದ್ದು ಕೆಳಗಿಳಿಯಿತು, ಎದುರಿನ ಬಾಗಿಲು ಹಾಕಿಕೊಂಡಿತು. ಅದಾದ ಮೇಲೂ ಅಮ್ಮ ಸ್ವಲ್ಪ ಹೊತ್ತು ಕಾದಳು. ಆಮೇಲೆ ಚಿಲಕವನ್ನು ಸದ್ದಾಗದಂತೆ ಸರಿಸಿ, ಗೋಡೆ ಹಿಡಿದುಕೊಂಡು, ಹಾಲು ತರಲು ಇಳಿದು ಹೋದಳು.