ತೊಂಬತ್ತೇಳಕ್ಕೇ ಕುದಿದ ನೀರು

ವಿಜ್ಞಾನದ ಮೇಷ್ಟ್ರ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು. ಅದೇ ಅವರಿಗೆ ದೊಡ್ಡ ಹೆಮ್ಮೆ. ಪ್ರಯೋಗ ಇದ್ದ ದಿನ ಒಲೆ ಹಚ್ಚುವ ಮೊದಲೇ ಬೋರ್ಡಿನ ಮೇಲೆ ‘ಕಂಡುಬಂದದ್ದು’ ಅಂತ ಬರೆದುಬಿಡುತ್ತಿದ್ದರು. ಮಕ್ಕಳು ಅದನ್ನೇ ನೀಟಾಗಿ ಇಳಿಸಿಕೊಳ್ಳುತ್ತಿದ್ದರು. ಕಂಡವರು ಯಾರು ಸ್ವಾಮಿ? ಯಾರೂ ಇಲ್ಲ!

ಪಕ್ಕದ ಕೋಣೆಯ ಗಣಿತದ ಟೀಚರ್ ರಜೆಯಲ್ಲಿ ತರಬೇತಿಗೆ ಹೋಗಿ ಬಂದಿದ್ದರು. ಈಗ ಅಲ್ಲಿ ಸಂತೆ ಗದ್ದಲ. ಮಕ್ಕಳು ತಟ್ಟೆ, ಬಕೆಟ್ಟು, ಡಬ್ಬಿ ಮುಚ್ಚಳ ಎಲ್ಲಕ್ಕೂ ದಾರ ಸುತ್ತಿ ಅಳೆಯುತ್ತಾ ಜಗಳ ಆಡುತ್ತಿದ್ದರು.

“ಏನ್ ಟೀಚರ್, ಪೈ ಎಷ್ಟು ಅಂತ ಹೇಳಿಬಿಟ್ರೆ ಮುಗೀತಲ್ಲ!” ಅಂದರು ಮೇಷ್ಟ್ರು.

“ಹೇಳಿದ್ರೆ ಮರೀತಾರೆ ಸಾರ್. ತಾವೇ ಕಂಡುಹಿಡಿದ್ರೆ ಯಾಕೆ, ಹೇಗೆ ಅಂತ ಜೀವ ತಿಂತಾರೆ. ಈ ಸಲ ತರಬೇತಿಗೆ ನೀವೂ ಬನ್ನಿ.”

“ತಲೆ ನರೆತ ಮೇಲೆ ನನಗೇ ಪಾಠವಾ? ಪೋರ್ಷನ್ ಯಾರು ಮುಗಿಸ್ತಾರೆ?” ಮೇಷ್ಟ್ರು ಮೂಗು ಮುರಿದರು.

ಕೊನೆಗೆ ಹೆಡ್‌ಮಾಸ್ಟರ್ ಬಲವಂತಕ್ಕೆ ಹೋದರು. ಹಿಂದಿನ ಬೆಂಚಿನಲ್ಲಿ ಕೂತು ಬಾಯಿ ತುಂಬ ಆಕಳಿಸಿದರು. ತರಬೇತಿ ಕೊಡಲು ಬಂದಿದ್ದವಳು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗುಂಪಿಗೊಂದು ಒಲೆ, ಪಾತ್ರೆ, ಥರ್ಮಾಮೀಟರ್ ಕೊಟ್ಟು, “ನೀರು ಎಷ್ಟು ಡಿಗ್ರಿಗೆ ಕುದಿಯುತ್ತೆ, ನೋಡಿ ಹೇಳಿ” ಅಂದಳು.

“ಅದರಲ್ಲಿ ನೋಡೋದೇನಮ್ಮ? ನೂರು!” ಮೇಷ್ಟ್ರು ಕೂತಲ್ಲಿಂದಲೇ ಕೂಗಿದರು.

ನೀರು ಕೊತಕೊತ ಕುದಿಯಿತು. ಪಾದರಸ ಮಾತ್ರ ತೊಂಬತ್ತೇಳು ಬಿಟ್ಟು ಮೇಲೇಳಲಿಲ್ಲ.

“ಇದು ಕೆಟ್ಟಿದೆ” ಅಂದರು ಮೇಷ್ಟ್ರು. ಅವಳು ಬೇರೆಯದು ಕೊಟ್ಟಳು. ಅದೂ ಅಷ್ಟೇ. ಎಲ್ಲ ಗುಂಪಿನದೂ ಅಷ್ಟೇ.

“ಯಾಕಿರಬಹುದು?” ಅಂತ ಕೇಳಿ ಅವಳು ಸುಮ್ಮನೆ ನಿಂತಳು. ನೀರೇ ಸರಿಯಿಲ್ಲ ಅಂದರು ಒಬ್ಬರು. ನೀರು ಬದಲಿಸಿದರು, ಲೆಕ್ಕ ಬದಲಾಗಲಿಲ್ಲ. ಎಲ್ಲರೂ ತಲೆ ಕೆರೆದುಕೊಂಡರು. ಕೊನೆಗೆ ಗಣಿತದ ಟೀಚರ್ ಎದ್ದು, “ನಮ್ಮೂರು ಎತ್ತರದಲ್ಲಿದೆಯಲ್ಲ! ಎತ್ತರದಲ್ಲಿ ಗಾಳಿ ಒತ್ತೋದು ಕಡಿಮೆ, ಅದಕ್ಕೇ ನೀರು ನೂರು ಮುಟ್ಟೋ ಮೊದಲೇ ಕುದಿಯುತ್ತೆ!” ಅಂದರು. ಚಪ್ಪಾಳೆಯೋ ಚಪ್ಪಾಳೆ.

ಮೇಷ್ಟ್ರ ಕೈ ಮೇಲೇಳಲಿಲ್ಲ. ಮಗಳು ನೆನಪಾಗಿದ್ದಳು. ಹಿಂದೆ ಅವಳು ಅವರದೇ ತರಗತಿಯಲ್ಲಿದ್ದಾಗ ಬೋರ್ಡು ನೋಡದೆ ಥರ್ಮಾಮೀಟರ್ ನೋಡಿ ತೊಂಬತ್ತೇಳು ಅಂತ ಬರೆದಿದ್ದಳು. “ಇನ್ನೊಂದ್ಸಲ ಕಾಯಿಸಿ ನೋಡೋಣ್ವಾ?” ಅಂದಿದ್ದಳು. “ಪುಸ್ತಕಕ್ಕಿಂತ ನೀನು ದೊಡ್ಡವಳಾ?” ಅಂತ ಇವರು ಎಲ್ಲರೆದುರು ಕೆಂಪು ಗೀಟು ಎಳೆದಿದ್ದರು. ಮಾತಿನ ಮಲ್ಲಿ ಆ ಮೇಲೆ ಏನೂ ಕೇಳಲಿಲ್ಲ. ಕಾಲೇಜಿನಲ್ಲಿ ವಿಜ್ಞಾನವನ್ನೇ ಬಿಟ್ಟಳು. ಪಾಪ, ಮಗಳಿಗೆ ಆಸಕ್ತಿಯಿಲ್ಲ ಅಂತಲೇ ಮೇಷ್ಟ್ರು ಇಷ್ಟು ದಿನ ನಂಬಿದ್ದರು.

ಸಂಜೆ ಮನೆಗೆ ಬಂದರೆ ಮಗಳು ನೆರೆಮನೆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. “ಅಕ್ಕ, ಮೈನಸ್ಸು ಮೈನಸ್ಸು ಗುಣಿಸಿದ್ರೆ ಪ್ಲಸ್ ಯಾಕಾಗುತ್ತೆ?” ಅಂತ ಒಂದು ಪುಟಾಣಿ ಕೇಳಿತು.

“ಯಾಕೆ ಗೀಕೆ ಬೇಡ. ಬರ್ಕೋ.”

ಮೇಷ್ಟ್ರು ಬಾಗಿಲಲ್ಲೇ ನಿಂತುಬಿಟ್ಟರು. ಅದು ಅವರದೇ ಮಾತು, ಅವರದೇ ಗದರಿಕೆ.

“ಮಗಳೇ, ಅವತ್ತು ನೀನು ಬರೆದಿದ್ದೇ ಸರಿ ಕಣಮ್ಮ. ಇವತ್ತು ಕಣ್ಣಾರೆ ನೋಡಿದೆ. ತೊಂಬತ್ತೇಳೇ.”

ಮಗಳು ತಲೆಯೆತ್ತಲಿಲ್ಲ. “ಗೊತ್ತಿತ್ತಪ್ಪ. ಲ್ಯಾಬಿನಿಂದ ಥರ್ಮಾಮೀಟರ್ ಕದ್ದು ತಂದು ಅಡುಗೆಮನೇಲಿ ಮತ್ತೆ ನೋಡಿದ್ದೆ. ನೀವೇ ಕೇಳ್ತೀರೇನೋ ಅಂತ ಕಾದೆ.”

ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಬಂದರು. “ಕೇಳಬೇಕಿತ್ತು,” ಅಂದರು, “ಕೇಳೋದೇ ನನಗೆ ಬರ್ತಿರಲಿಲ್ಲ.”

ಅವರ ಹೆಂಡತಿ ಅಡುಗೆಮನೆಯಿಂದ, “ಅವಳ ವಿಜ್ಞಾನದ ಓದಂತೂ ಹೋಯ್ತು. ಈ ಮಕ್ಕಳದ್ದೂ ಹೋಗ್ಬೇಕಾ?” ಅಂದರು. ಇದೇ ಹೆಂಡತಿ ಬೆಳಿಗ್ಗೆ, ಅದೇನು ಆಟ ಆಡಿಸೋ ತರಬೇತಿ ಅಂತ ನಕ್ಕಿದ್ದರು.

ಮಗಳು ಪುಟಾಣಿಯ ಕಡೆ ತಿರುಗಿದಳು. “ಏನ್ ಕೇಳ್ದೆ? ಇನ್ನೊಂದ್ಸಲ ಕೇಳು.” ಮಗು ಹೆದರಿ ತಲೆಯಲ್ಲಾಡಿಸಿತು, ಬಾಯಿ ಬಿಡಲಿಲ್ಲ. ಮೇಷ್ಟ್ರೂ ಮಗಳೂ ಪಕ್ಕದಲ್ಲಿ ಕೂತು ಅದನ್ನು ತುಂಬ ಹೊತ್ತು ಪುಸಲಾಯಿಸಬೇಕಾಯಿತು.

ವಿಜ್ಞಾನ, ಗಣಿತ ಕಲಿಸುವ ಅಕ್ಕ ಅಣ್ಣಂದಿರೇ, ಮಕ್ಕಳು ತಾವಾಗಿಯೇ ನೋಡಿ, ಮಾಡಿ, ಕೇಳಿ ಕಲಿಯುವಂತೆ ಪಾಠ ಮಾಡುವ ತರಬೇತಿ ನಡೆದಾಗ ದಯವಿಟ್ಟು ಹೋಗಿ. ಅಪ್ಪ ಅಮ್ಮಂದಿರೇ, ನಿಮ್ಮ ಶಾಲೆಯ ಮೇಷ್ಟ್ರನ್ನು ಒತ್ತಾಯಿಸಿ ಕಳಿಸಿ. ಮಕ್ಕಳು ಪ್ರಶ್ನೆ ಕೇಳುವುದನ್ನು ಬಿಡುವ ತನಕ ಕಾಯಬೇಡಿ, ಕೇಳುತ್ತಿರುವಾಗಲೇ ಹೋಗಿ.