ತೆಗೆದದ್ದು ಹೌದು

"ಒಪ್ಪಿಕೊಳ್ಳಿ ಅಂತ ನಾನು ಹೇಳ್ತಿಲ್ಲ ಶಂಕರಪ್ಪನವರೇ, ಒಪ್ಪಿಕೊಂಡರೆ ಏನಾಗುತ್ತೆ ಅಂತ ಹೇಳ್ತಿದ್ದೀನಿ," ಎಂದಳು ರತ್ನಪ್ರಭಾ.

ಫರೀದಾಬಾದ್ ಕೋರ್ಟಿನ ಲಾಕಪ್ಪಿನಲ್ಲಿ ಶಂಕರಪ್ಪ ಸರಳು ಹಿಡಿದು ನಿಂತಿದ್ದ. ಜೈಲು ಸೇರಿ ಹತ್ತೊಂಬತ್ತು ದಿನವಾಗಿತ್ತು. ಜಾಮೀನು ಸಿಕ್ಕಿತ್ತು, ಹೊಣೆ ನಿಲ್ಲುವವರು ಸಿಕ್ಕಿರಲಿಲ್ಲ. ರತ್ನಪ್ರಭಾ ಕೋರ್ಟೇ ಕೊಟ್ಟ ಪುಕ್ಕಟೆ ವಕೀಲೆ. ವಾಯುಪಡೆಯಲ್ಲಿದ್ದ ಧಾರವಾಡದ ತಂದೆಯಿಂದ ಕಲಿತ ಕನ್ನಡ ಅವಳದು.

ಭದ್ರಾವತಿಯಿಂದ ಬಂದು ಹನ್ನೆರಡು ವರ್ಷದಿಂದ ಒಂದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಶಂಕರಪ್ಪ, ಒಂದು ಸಂಜೆ ಮೈಕ್ರೋಮೀಟರನ್ನು ಊಟದ ಚೀಲದಲ್ಲಿಟ್ಟುಕೊಂಡು ಹೊರಟಿದ್ದ. ಅದರಿಂದ ಕೂದಲಿನ ದಪ್ಪವನ್ನೂ ಅಳೆಯಬಹುದು ಎಂದರೆ ಮಗಳು ನಂಬಿರಲಿಲ್ಲ. ತೋರಿಸಿ ಬೆಳಿಗ್ಗೆ ತಂದಿಡೋಣವೆಂದುಕೊಂಡ, ಯಾರನ್ನೂ ಕೇಳಲಿಲ್ಲ. ಗೇಟಿನಲ್ಲಿ ಚೀಲ ಬಿಚ್ಚಿಸಿದರು. 'ಮಾರಲೆಂದು ಕದ್ದೆ' ಎಂದು ಠಾಣೆಯಲ್ಲಿ ಹಿಂದಿಯಲ್ಲಿ ಬರೆದು ಸಹಿ ಹಾಕಿಸಿಕೊಂಡರು.

"ಆ ಸಹಿ ಮೇಡಂ?"

"ಪೊಲೀಸರ ಮುಂದೆ ಒಪ್ಪಿದ್ದು ಕೋರ್ಟಲ್ಲಿ ನಿಲ್ಲಲ್ಲ. ಜಡ್ಜ್ ಮುಂದೆ ಒಪ್ಪಿದ್ದು ನಿಲ್ಲುತ್ತೆ. ಇವತ್ತು ಒಪ್ಪಿದರೆ ಈ ಹತ್ತೊಂಬತ್ತು ದಿನಾನೇ ಶಿಕ್ಷೆ ಅಂತ ಲೆಕ್ಕ ಹಿಡಿದು ಬಿಟ್ಟುಬಿಡಬಹುದು. ಇಲ್ಲಾಂದ್ರೆ ಕೇಸ್ ವರ್ಷಗಟ್ಟಲೆ. ಗೆಲ್ತೀವಿ ಅಂತ ಮಾತು ಕೊಡಲಾರೆ."

ಸರಳಿನಾಚೆ ವಕೀಲೆಯ ಪಕ್ಕದಲ್ಲಿದ್ದ ಅವನ ಹೆಂಡತಿ ಲೀಲಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಒಪ್ಪಿಕೊಂಡು ಮನೆಗೆ ಬನ್ರೀ. ಬೀದಿಯವರ ಬಾಯಲ್ಲಿ ಹೇಗೂ ಕಳ್ಳ ಆಗಿದ್ದೀರಿ."

"ಬೀದಿಯವರು ಅನ್ನೋದು ಬೇರೆ, ನಾನೇ ಅನ್ನೋದು ಬೇರೆ ಕಣೇ," ಎಂದ ಶಂಕರಪ್ಪ.

ಮಧ್ಯಾಹ್ನ ಹೆಸರು ಕೂಗಿದರು. ಮ್ಯಾಜಿಸ್ಟ್ರೇಟರು ಆರೋಪ ಓದಿ, ತಲೆಯೆತ್ತದೆ ಹಿಂದಿಯಲ್ಲಿ ಕೇಳಿದರು, "ಒಪ್ಪುತ್ತೀಯಾ?"

"ತೆಗೆದದ್ದು ಹೌದು ಸಾಹೇಬ್. ಕದ್ದಿಲ್ಲ."

ಈಗ ಅವರು ತಲೆಯೆತ್ತಿದರು. "ಕೇಳದೆ ತೆಗೆದರೆ ಕಳವಲ್ಲದೆ ಇನ್ನೇನು?"

ರತ್ನಪ್ರಭಾ ಎದ್ದು ನಿಂತಳು. "ಮೋಸದ ಉದ್ದೇಶವಿತ್ತು ಅಂತ ಪೊಲೀಸರು ಸಾಬೀತು ಮಾಡಲಿ ಸರ್."

"ಅಚ್ಛಾ. ಆರೋಪಿ ಒಪ್ಪಿಲ್ಲ," ಎಂದು ಬರೆಸಿದರು. ಪೊಲೀಸಿನವನು ಶಂಕರಪ್ಪನ ತೋಳು ಹಿಡಿದು ಜೈಲಿನ ವ್ಯಾನಿನತ್ತ ನಡೆಸಿದ. ಲೀಲಾ ಗಂಡನ ಕಡೆ ನೋಡದೆ ಹೊರಟುಹೋದಳು.

ಮರುದಿನ ಪಾಳಿ ಬಿಡುವ ಹೊತ್ತಿಗೆ ಅವಳು ಕಾರ್ಖಾನೆಯ ಗೇಟಿನ ಮುಂದೆ ನಿಂತಿದ್ದಳು. ಗಂಡನ ಜೊತೆ ಕೆಲಸ ಮಾಡಿದವರನ್ನು ಒಬ್ಬೊಬ್ಬರಾಗಿ ತಡೆದು ಹೊಣೆ ನಿಲ್ಲುವಂತೆ ಕೇಳಿದಳು. ಕೆಲವರು ನಾಳೆ ಹೇಳುತ್ತೇನೆಂದರು. ಕೆಲವರು ಕೇಳಿಸದವರಂತೆ ಸೈಕಲ್ ಹತ್ತಿದರು. ಮೂರನೆಯ ದಿನ ಲೇತ್ ವಿಭಾಗದ ಯೋಗೀಶ ತಾನಾಗಿಯೇ ಹತ್ತಿರ ಬಂದ. "ಅಕ್ಕಾ, ಹೊಣೆಗೆ ನನ್ನ ಸ್ಕೂಟರ್ ಕಾಗದ ನಡೆಯುತ್ತಾ ಕೇಳಿ."

ನಡೆಯಿತು. ಶಂಕರಪ್ಪ ಹೊರಗೆ ಬಂದ. ಕೆಲಸ ಹೋಗಿತ್ತು, ಪಂಪುಸೆಟ್ ರಿಪೇರಿಯ ಅಂಗಡಿಯೊಂದರಲ್ಲಿ ಕೂತ. ವಾಯಿದೆಯ ದಿನ ರಜೆ ಹಾಕಿ ಕೋರ್ಟಿಗೆ ಹೋಗುವನು, ಮತ್ತೊಂದು ತಾರೀಖು ತರುವನು. ನಾಲ್ಕನೆಯ ವರ್ಷ ಕಾರ್ಖಾನೆಯ ಸ್ಟೋರ್‌ಕೀಪರ್ ಸಾಕ್ಷಿಗೆ ಬಂದ. ಹಳೆಯ ಕೆಲಸಗಾರರು ಆಗೀಗ ಉಪಕರಣ ಮನೆಗೊಯ್ದು ಮರುದಿನ ತಂದಿಡುವುದುಂಟೇ ಎಂದು ರತ್ನಪ್ರಭಾ ಕೇಳಿದಳು. ಅವನು ಮಾಲೀಕರ ವಕೀಲನತ್ತ ನೋಡಿ, "ಉಂಟು," ಎಂದ.

ತೀರ್ಪಿನ ದಿನ ಮ್ಯಾಜಿಸ್ಟ್ರೇಟರು ಬೇರೆಯವರಿದ್ದರು. ಖುಲಾಸೆಯೆಂದು ಓದಿ ಮುಗಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಹೋಗಬಹುದೋ ಇಲ್ಲವೋ ತಿಳಿಯದೆ ಶಂಕರಪ್ಪ ಕಟಕಟೆಯಲ್ಲೇ ನಿಂತಿದ್ದ. ಗುಮಾಸ್ತ ಮುಂದಿನ ಹೆಸರು ಕೂಗಿದ. ಬಿಳಿಗಡ್ಡದ ಮುದುಕನೊಬ್ಬ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದ. ಶಂಕರಪ್ಪ ಒಂದು ಹೆಜ್ಜೆ ಸರಿದು, ಅವನಿಗೆ ಜಾಗ ಮಾಡಿಕೊಟ್ಟ.