ನನ್ನ ನಡುಕ, ದಾನೇಶ್ವರಿಯ ಕಾಲ್ಗುಣ

ನಾನು ಒಂದು ಕೆಂಪು ಕಾರು. ಸಂತೆಯ ಚೀಲ ಹೊರುವ ಜಾತಿಯವನಲ್ಲ, ಓಡುವುದಕ್ಕೆಂದೇ ಹುಟ್ಟಿದವನು. ಕಾರ್ಖಾನೆಯಲ್ಲಿ ನನ್ನೊಳಗೆ ಇಂಜಿನ್ನಿನ ಬಲ ಹೆಚ್ಚಿಸುವ ಟರ್ಬೊ ಕೂರಿಸಿದ ದಿನ ಪಕ್ಕದ ಸಾಲಿನ ಸಾದಾ ಕಾರುಗಳನ್ನು ನೋಡಿ ನಕ್ಕಿದ್ದೆ. ಅವು ಈಗಲೂ ಎಲ್ಲೋ ಮಕ್ಕಳನ್ನು ಶಾಲೆಗೆ ಬಿಡುತ್ತಿರಬೇಕು. ನಾನು ಇಲ್ಲಿ ಗುಜರಿಯಲ್ಲಿದ್ದೇನೆ.

ನನ್ನ ಮೊದಲ ಒಡೆಯ ಬೆಳಗಾವಿಯ ಷೋಕಿಲಾಲ. ನಾನು ಉಸಿರೆಳೆಯುವುದು ಊರಿಗೆಲ್ಲ ಕೇಳಬೇಕೆಂದು ಅವನ ಆಸೆ. ಅದಕ್ಕಾಗಿ ಗಾಳಿಯ ಫಿಲ್ಟರಿಗೆ ಕಂಪನಿ ಹಾಕಿದ್ದ ಮುಚ್ಚಿದ ಡಬ್ಬಿಯನ್ನು ಕಿತ್ತೆಸೆದು, ಶಂಕುವಿನಂಥ ಬರಿಮೈಯ ಫಿಲ್ಟರ್ ಹಾಕಿಸಿದ. ನಾನು ಹುಲಿಯಂತೆ ಗುರುಗುಟ್ಟಿದೆ. ಮದುವೆಯಾದ ಮೇಲೆ ಅವನ ಹುಲಿ ಸವಾರಿ ಮುಗಿಯಿತು. ನನ್ನನ್ನು ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಯ ಮಹಾಂತೇಶನಿಗೆ ಮಾರಿದ.

ಆ ಮನೆಗೆ ನಾನು ಬಂದ ವಾರದಲ್ಲೇ ಮಹಾಂತೇಶನ ಹೆಂಡತಿಯಾಗಿ ದಾನೇಶ್ವರಿ ಬಂದಳು. ನರಗುಂದದ ಸಂಗಪ್ಪನ ಮಗಳು. ಅವಳಪ್ಪನದು ಹಿಟ್ಟಿನ ಗಿರಣಿ, ಡೀಸೆಲ್ ಇಂಜಿನ್ನಿನ ಸದ್ದಿನಲ್ಲೇ ಬೆಳೆದವಳು. ನನ್ನೊಳಗೆ ಕೂತವರೆಲ್ಲ ಮೊದಲು ಕನ್ನಡಿ ನೋಡಿಕೊಂಡರೆ ಅವಳು ಸುಮ್ಮನೆ ಕೂತು ನನ್ನ ಇಂಜಿನ್ನಿಗೆ ಕಿವಿಗೊಟ್ಟಳು. ಅವತ್ತೇ ನನಗೆ ಅವಳ ಮೇಲೆ ಪ್ರೀತಿ ಹುಟ್ಟಿತು.

ಮಹಾಂತೇಶನ ತಾಯಿ ಗುರುಸಿದ್ದವ್ವ ಮೊದಲ ಶುಕ್ರವಾರ ನನ್ನ ಬಾನೆಟ್ ಎತ್ತಿಸಿದಳು. ಶಂಕುವಿನಾಕಾರದ ಫಿಲ್ಟರ್ ಕಂಡು ಕೈಮುಗಿದಳು.

"ಅಯ್ ಶಿವನ! ಗಾಡಿ ಹೊಟ್ಯಾಗ ಲಿಂಗಾನ ಐತೆಲ್ಲೋ ಮಾಂತ್ಯಾ!"

ಅಲ್ಲಿಂದ ಪ್ರತಿ ಶುಕ್ರವಾರ ಫಿಲ್ಟರಿಗೆ ವಿಭೂತಿ, ಅದರ ಮೇಲೆ ಹಿಡಿ ಹಿಡಿ ಕುಂಕುಮ. ಇಂಜಿನ್ ಚಾಲೂ ಇರಬೇಕು, ಜೀವ ಇದ್ದಾಗಲೇ ಪೂಜೆ ಮುಟ್ಟುತ್ತದೆ ಎಂದು ಅವಳ ನಂಬಿಕೆ. ಮುಟ್ಟುತ್ತಿತ್ತು, ಸುಳ್ಳಲ್ಲ. ಅವಳು ಎರಚಿದ್ದನ್ನೆಲ್ಲ ನಾನು ಉಸಿರಿನ ಜೊತೆ ಒಳಗೆಳೆದುಕೊಂಡೆ.

ಕೆಲವೇ ವಾರಗಳಲ್ಲಿ ನನಗೆ ನಡುಕ ಹತ್ತಿತು. ಓಡುವಾಗ ಹೇಗೋ ನಡೆಯುತ್ತಿತ್ತು, ನಿಂತಾಗಲೇ ಫಜೀತಿ. ಐಡ್ಲಿಂಗಿನಲ್ಲಿ ಮೀಟರಿನ ಮುಳ್ಳು ಏರಿ ಬೀಳುತ್ತಿತ್ತು, ಸೀಟು ಅದುರುತ್ತಿತ್ತು. ಸಿಗ್ನಲ್ಲಿನಲ್ಲಿ ಪ್ರಾಣ ಬಿಟ್ಟರೆ ಹಿಂದಿನವರು ಹಾರ್ನ್ ಹೊಡೆದು ಮಹಾಂತೇಶನ ಮಾನ ಕಳೆಯುತ್ತಿದ್ದರು. ಒಂದು ಗ್ಯಾರೇಜಿನವರು ಪ್ಲಗ್ ಬದಲಿಸಿದರು, ಇನ್ನೊಂದರಲ್ಲಿ ಪೆಟ್ರೋಲ್ ನಾಜಲ್ ತೊಳೆದರು, ಮತ್ತೊಬ್ಬ ನನ್ನ ಕಂಪ್ಯೂಟರೇ ಕೆಟ್ಟಿದೆ ಎಂದ. ಫಿಲ್ಟರಿನ ಮೇಲಿನ ಕುಂಕುಮ ಎಲ್ಲರಿಗೂ ಕಂಡಿತ್ತು. ದೇವರ ಗೊಡವೆ ನಮಗ್ಯಾಕೆ ಎಂದು ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಬಿಚ್ಚಿದರು.

ಗುರುಸಿದ್ದವ್ವ ಮಾತ್ರ ಏನನ್ನೂ ಬಿಚ್ಚದೆ ರೋಗ ಕಂಡುಹಿಡಿದಳು.

"ಬಂದಾಗ ಛಲೋ ಇತ್ತು. ಇಕಿ ಕಾಲಿಟ್ಟ ಮ್ಯಾಲ ಗಾಡಿಗೆ ಜ್ವರ ಬಂತು. ಕಾಲ್ಗುಣ!"

ಅವತ್ತಿನಿಂದ ದಾನೇಶ್ವರಿ ನನ್ನನ್ನು ಹತ್ತುವಂತಿಲ್ಲ ಎಂದಾಯಿತು. ಹೊಟ್ಟೆನೋವಿನಿಂದ ಮುರುಟಿಕೊಂಡು ಆಸ್ಪತ್ರೆಗೆ ಹೊರಟಾಗಲೂ ಆಟೊ ಕರೆಸಿದರು. ನಾನು ಅಂಗಳದಲ್ಲೇ ಇದ್ದೆ. ನನ್ನ ರೋಗಕ್ಕೆ ಮದ್ದೆಂದು ಸೋಮವಾರವೂ ಪೂಜೆ ಶುರುವಾಯಿತು, ನಡುಕ ಇಮ್ಮಡಿಯಾಯಿತು. ಕೇರಿಯ ಹೆಂಗಸರು ಉಡಿ ತುಂಬುವಲ್ಲಿಗೂ ದಾನೇಶ್ವರಿಯನ್ನು ಕರೆಯುವುದು ಬಿಟ್ಟರು.

ಕಡೆಗೊಂದು ದಿನ ಪೂಜೆ ಮುಗಿದ ಮೇಲೆ ಅವಳು ಗಂಡನೆದುರು ಫಿಲ್ಟರಿನ ಮೇಲೆ ಬೆರಳಾಡಿಸಿ ತೋರಿಸಿದಳು.

"ರೀ, ಪೂಜಿ ಆದ ದಿನಾನ ಹೆಚ್ಚು ನಡಗತೈತಿ ನೋಡ್ರಿ. ನಮ್ಮ ಗಿರಣ್ಯಾಗ ಹಿಟ್ಟಿನ ಧೂಳ ಒಳಗ ಹೋದ್ರ ಇಂಜಿನ್ ಹಿಂಗ ಒದ್ದಾಡತಿತ್ತು. ಈ ಕುಂಕುಮ ಒಳಗ ಹೊಂಟೈತಿ. ಅತ್ತಿಯಾರು ನಂಬರ್ ಪ್ಲೇಟಿಗೆ ಹಚ್ಚಲಿ, ಇದಕ್ಕ ಬ್ಯಾಡ."

ಗುರುಸಿದ್ದವ್ವನ ಕೈಯಲ್ಲಿ ಆರತಿ ತಟ್ಟೆ ಇನ್ನೂ ಇತ್ತು.

"ದೇವರ ಕುಂಕುಮಕ್ಕ ಹೆಸರಿಡ್ತಿ? ಗಿರಣಿ ಹಿಟ್ಟೂ ಇದೂ ಒಂದ ಏನ? ಗಾಡಿ ತಿಂದಿ, ಇನ್ನ ನನ್ನ ಮಗನ್ನೂ ತಿಂತಿ. ನಡಿ ನಿನ್ನ ತೌರಿಗೆ!"

ಮಹಾಂತೇಶ ತನ್ನ ಚಪ್ಪಲಿ ನೋಡುತ್ತ ನಿಂತ. ಹೆಂಡತಿಯ ಬೆರಳಿನ ಕೆಂಪನ್ನು ನೋಡಲಿಲ್ಲ. ಅವಳು ಟ್ರಂಕು ಹಿಡಿದು ನನ್ನ ಪಕ್ಕದಲ್ಲೇ ಹಾದು ಬಸ್‌ಸ್ಟ್ಯಾಂಡಿಗೆ ಹೋದಳು.

ಆಮೇಲೆ ಗೆಳೆಯರ ಮಾತು ಕೇಳಿ ಮಹಾಂತೇಶ ನನ್ನನ್ನು ಮುನಾಫನ ಗ್ಯಾರೇಜಿಗೆ ಒಯ್ದ. ಮುನಾಫ ಮೊದಲು ಫಿಲ್ಟರಿಗೆ ಕೈಮುಗಿದ, ಆಮೇಲೆ ಅದನ್ನು ಬಿಚ್ಚಿದ. ಅದರ ಹಿಂದಿನ ಸಣ್ಣ ಸೆನ್ಸರನ್ನು ಹೊರಗೆಳೆದು ಅಂಗೈಯಲ್ಲಿಟ್ಟು ತೋರಿಸಿದ. ಅದರ ಮೇಲೆ ಕೆಂಪು ಮಣ್ಣಿನಂತೆ ಮೆತ್ತಿಕೊಂಡಿದ್ದ ಕುಂಕುಮವನ್ನು ಮಹಾಂತೇಶ ಬೆರಳಿನಿಂದ ಕೆರೆದು ನೋಡಿದ.

"ಮಾಂತೇಶಣ್ಣ, ಒಳಗ ಎಷ್ಟು ಗಾಳಿ ಹೋತು ಅಂತ ಅಳಿಯೂದು ಇದ ರೀ. ಇದರ ಕಣ್ಣ ಕಟ್ಟೈತಿ. ಅದಕ್ಕ ಪೆಟ್ರೋಲ್ ಲೆಕ್ಕ ತಪ್ಪಿ ಹಿಂಗ ನಡಗತೈತಿ. ಇನ್ನ ಮ್ಯಾಲ ಕುಂಕುಮ ಬ್ಯಾರೆ ಕಡೆ ಹಚ್ಚಾಕ ಹೇಳ್ರಿ."

"ಆಕಿ ಇದನ್ನ ಹೇಳಿದ್ಲು," ಎಂದ ಮಹಾಂತೇಶ, ಬಾಯಿ ತಪ್ಪಿ.

"ಯಾರು?"

"ಯಾರಿಲ್ಲ ಬಿಡು."

ತೊಳೆದು ಜೋಡಿಸಿದ ಮೇಲೆ ನನ್ನ ಮುಳ್ಳು ಕದಲದೆ ನಿಂತಿತು. ಮನೆಗೆ ಬಂದರೆ ಕಟ್ಟೆಯ ಮೇಲೆ ಸಂಗಪ್ಪ ಕೂತಿದ್ದ. ಮಗಳನ್ನು ತಿರುಗಿ ಕರೆದುಕೊಳ್ಳಿ ಎಂದು ಕೇಳಲು ಬಂದಿದ್ದ. ಗುರುಸಿದ್ದವ್ವ ನನ್ನ ಸದ್ದು ಕೇಳಿ ಹೊರಬಂದಳು.

"ಕೇಳ್ರಿ ಬೀಗರ, ಎಷ್ಟು ಸುಮ್ಮನ ನಡದೈತಿ! ನಿಮ್ಮ ಮಗಳು ಹೊಸ್ತಲಾ ದಾಟಿದ್ದ ತಡಾ, ಗಾಡಿಗೆ ಆರಾಮಾತು."

ಸಂಗಪ್ಪ ನನ್ನ ಬಾನೆಟ್ಟಿನ ಮೇಲೆ ಅಂಗೈ ಊರಿದ. ಇಂಜಿನ್ನಿನ ನಾಡಿ ಬಲ್ಲ ಕೈ ಅದು. ಆಮೇಲೆ ಅಳಿಯನ ಕಡೆ ತಿರುಗಿದ.

"ಏನಾಗಿತ್ರಿ ಗಾಡಿಗೆ, ಅಳಿಯಾರ?"

ಒಂದು ಮಾತು ಸಾಕಿತ್ತು. ಮಹಾಂತೇಶನ ಬೆರಳ ಸಂದಿಯಲ್ಲಿ ಆ ಸೆನ್ಸರಿನ ಕುಂಕುಮ ಇನ್ನೂ ಕೆಂಪಗೆ ಅಂಟಿಕೊಂಡಿತ್ತು. ಅವನು ತಾಯಿಯ ಮುಖ ನೋಡಿದ, ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿದ.

"ಗೊತ್ತಿಲ್ರಿ ಮಾವಾರ. ತಾನ ಸರಿ ಆತು."

ನನಗೆ ಹೇಸಿಗೆಯಾಯಿತು. ಒಂದು ಸಲ, ಒಂದೇ ಒಂದು ಸಲ ನಡುಗಿಬಿಡೋಣವೆಂದು ಹೆಣಗಿದೆ. ಆಗಲಿಲ್ಲ. ಮುನಾಫನ ಕೆಲಸ ಅಷ್ಟು ಚೊಕ್ಕವಾಗಿತ್ತು. ಸಂಗಪ್ಪ ಅಂಗೈ ತೆಗೆದು, ಟೊಪ್ಪಿಗೆ ಸರಿಮಾಡಿಕೊಂಡು, ಚಹಾ ಮುಟ್ಟದೆ ಹೋದ.

ಕೋರ್ಟಿನಲ್ಲಿ ಮದುವೆಯ ಕಾಗದ ಹರಿದ ಮೇಲೆ ಇನ್ನೊಬ್ಬ ಸೊಸೆ ಬಂದಳು. ಗುರುಸಿದ್ದವ್ವನ ಪೂಜೆ ನಿಲ್ಲಲಿಲ್ಲ. ತಾಯಿಗೆ ಒಂದು ಮಾತು ಹೇಳುವುದಕ್ಕಿಂತ, ನಡುಕ ಶುರುವಾದಾಗಲೆಲ್ಲ ನನ್ನನ್ನು ಕದ್ದು ಒಯ್ದು ಗಂಟಲು ತೊಳೆಸುವುದೇ ಮಹಾಂತೇಶನಿಗೆ ಸುಲಭವಾಯಿತು. ಹೊಸ ಸೊಸೆಯ ಕಾಲ್ಗುಣವನ್ನು ಕೇರಿಯೆಲ್ಲ ಹೊಗಳಿತು. ಒಮ್ಮೆ ಮುನಾಫನ ಗ್ಯಾರೇಜಿಗೆ ಬಂದ ನರಗುಂದದ ಗಿರಾಕಿಯೊಬ್ಬ ತಮ್ಮೂರಿನ ಸುದ್ದಿ ಹೇಳಿದ. ಸಂಗಪ್ಪನ ಮಗಳಿಗೆ ಮತ್ತೆ ಸಂಬಂಧ ಕೂಡಲಿಲ್ಲವಂತೆ, ಗಿರಣಿ ಈಗ ಅವಳೇ ನಡೆಸುತ್ತಾಳಂತೆ, ಹೊಸ ಗಾಡಿ ಕೊಂಡವರು ಆ ಗಿರಣಿಯ ಮುಂದೆ ನಿಲ್ಲಿಸುವುದೇ ಇಲ್ಲವಂತೆ. ಮಹಾಂತೇಶ ಕೇಳಿಯೂ ಕೇಳದವನಂತೆ ನನ್ನ ಕನ್ನಡಿ ಒರೆಸಿದ.

ಈಗ ನನಗೆ ಚಕ್ರಗಳಿಲ್ಲ, ಟರ್ಬೊ ಯಾರ ಪಾಲಾಯಿತೋ ತಿಳಿಯದು. ಮೊನ್ನೆ ಗುಜರಿಯವನು ಇಂಜಿನ್ ಕಳಚಲು ಬಾನೆಟ್ ಎತ್ತಿದ. ಫಿಲ್ಟರಿನ ಮೇಲೆ ಒಣಗಿ ಕರೆಗಟ್ಟಿದ ಕುಂಕುಮ ಕಂಡು ಚಪ್ಪಲಿ ಬಿಟ್ಟು ಕೈಮುಗಿದ. ಅದನ್ನು ಮುಟ್ಟದೆ ಜತನವಾಗಿ ಬಿಟ್ಟು, ಉಳಿದ ನನ್ನನ್ನೆಲ್ಲ ಕಿತ್ತುಕೊಂಡು ಹೋದ.